ಕ್ಯಾನ್ಸರ್ ಚಿಕಿತ್ಸೆಗೆ ಸಾಕ್ಷ್ಯವೆಲ್ಲಿ?

ಒಂದು ಪಟ್ಟಣದಲ್ಲಿ ಎರಡು ಪ್ರೌಢಶಾಲೆಗಳಿವೆ ಎಂದು ಭಾವಿಸೋಣ. ಮೊದಲನೆಯ ಶಾಲೆಯಿಂದ ಪರೀಕ್ಷೆಗೆ ಕುಳಿತ ನೂರು ಮಂದಿಯಲ್ಲಿ ತೊಂಬತ್ತು ಮಂದಿ ತೇರ್ಗಡೆಯಾದರು. ಎರಡನೆಯದರಿಂದ ಐವತ್ತು ಮಂದಿ ಮಾತ್ರ. ಮೊದಲನೆಯ ಶಾಲೆಯ ಉಪಾಧ್ಯಾಯರೇ ಹೆಚ್ಚು ಸಮರ್ಥರೆಂದು ಊರಿನವರು ಹೇಳಿಕೊಳ್ಳುವುದು ಸಹಜವೇ. ಆದರೆ ಆ ಶಾಲೆಯವರು ಮೊದಲೇ ಒಳ್ಳೆಯ ಅಂಕಗಳನ್ನು ಪಡೆದ ಹುಡುಗರನ್ನಷ್ಟೇ ಆರಿಸಿ ಸೇರಿಸಿಕೊಳ್ಳುತ್ತಾರೆಂದೂ, ಉಳಿದವರೆಲ್ಲರೂ ಎರಡನೆಯ ಶಾಲೆಗೆ ಹೋಗುತ್ತಾರೆಂದೂ ತಿಳಿದಾಗ ನಮ್ಮ ತೀರ್ಮಾನ ಸಡಿಲವಾಗುತ್ತದೆ. ತೊಂಬತ್ತು ಮಂದಿ ತೇರ್ಗಡೆಯಾದುದು ಪಾಠದ ಗುಣದಿಂದಲೋ, ಹುಡುಗರ ಗುಣದಿಂದಲೋ? ಅಂಕೆಗಳನ್ನು ಎಷ್ಟು ಹೊತ್ತು ನೋಡಿದರೂ ಅವು ಇದಕ್ಕೆ ಉತ್ತರ ಕೊಡಲಾರವು.

ಶಾಲೆಯ ವಿಷಯದಲ್ಲಿ ಇಂತಹ ತಪ್ಪು ತೀರ್ಮಾನದಿಂದ ದೊಡ್ಡ ಅನಾಹುತವೇನೂ ಆಗಲಿಕ್ಕಿಲ್ಲ. ಆದರೆ ಇದೇ ತಪ್ಪು ಕಳೆದ ಶತಮಾನದ ಕೊನೆಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಒಂದು ಕ್ಯಾನ್ಸರ್ ಚಿಕಿತ್ಸೆಯ ವಿಷಯದಲ್ಲಿ ನಡೆದುಹೋಯಿತು. ವೈದ್ಯರು, ರೋಗಿಗಳು, ನ್ಯಾಯಾಲಯಗಳು, ಶಾಸನಸಭೆಗಳು ಎಲ್ಲರೂ ಸದುದ್ದೇಶದಿಂದಲೇ ನಡೆದುಕೊಂಡರು. ಆದರೂ ಸಾವಿರಾರು ಸ್ತ್ರೀಯರು ಕಠೋರವಾದ ಒಂದು ಚಿಕಿತ್ಸೆಯನ್ನು ನಿಷ್ಫಲವಾಗಿ ಅನುಭವಿಸಬೇಕಾಯಿತು. ಅದು ಹೇಗಾಯಿತೆಂಬುದನ್ನು ತಿಳಿಯುವುದು ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಅವಶ್ಯಕ.

ಮದ್ದು ಹೆಚ್ಚಿದಷ್ಟೂ ಗುಣವೆ?

ಕ್ಯಾನ್ಸರ್ ಎಂಬುದು ನಮ್ಮದೇ ದೇಹದ ಜೀವಕೋಶಗಳು ಅಂಕೆಮೀರಿ ಬೆಳೆಯುವ ರೋಗ. ಇಂತಹ ಕೋಶಗಳನ್ನು ಕೊಲ್ಲುವ ಔಷಧಗಳನ್ನು ಕೊಡುವುದೇ ಕಿಮೊಥೆರಪಿ, ಅಂದರೆ ರಾಸಾಯನಿಕ ಚಿಕಿತ್ಸೆ. 1960ರ ದಶಕದಲ್ಲಿ ಅಮೆರಿಕಾದ ಹೊವರ್ಡ್ ಸ್ಕಿಪ್ಪರ್ ಎಂಬ ವಿಜ್ಞಾನಿಯು ರಕ್ತದ ಕ್ಯಾನ್ಸರ್ ತಗಲಿಸಿದ ಇಲಿಗಳ ಮೇಲೆ ಪ್ರಯೋಗಗಳನ್ನು ನಡೆಸಿ ಒಂದು ಸರಳವಾದ ನಿಯಮವನ್ನು ಕಂಡನು. ಔಷಧದ ಒಂದು ಪ್ರಮಾಣವು ಇಷ್ಟು ಲಕ್ಷ ಕೋಶಗಳನ್ನು ಕೊಲ್ಲುತ್ತದೆ ಎನ್ನುವುದಕ್ಕಿಂತ, ಇರುವ ಕೋಶಗಳಲ್ಲಿ ಇಂತಿಷ್ಟು ಪಾಲನ್ನು ಕೊಲ್ಲುತ್ತದೆ ಎನ್ನುವುದೇ ಸರಿ ಎಂಬುದು ಆ ನಿಯಮದ ಸಾರ.

ಭೌತವಿಜ್ಞಾನವನ್ನು ಓದಿದವರಿಗೆ ಇದು ಪರಿಚಿತವಾದ ಲೆಕ್ಕ. ವಿಕಿರಣಶೀಲ ವಸ್ತುವಿನ ಅರ್ಧಾಯು ಕಳೆದಂತೆಲ್ಲ ಉಳಿದುದರಲ್ಲಿ ಅರ್ಧಭಾಗ ಕ್ಷಯಿಸುತ್ತದಲ್ಲವೆ? ಇದೂ ಹಾಗೆಯೇ. ಒಂದು ಸೆಂಟಿಮೀಟರ್ ಅಡ್ಡಗಲದ ಗಂಟಿನಲ್ಲಿ ಸುಮಾರು 100 ಕೋಟಿ ಕೋಶಗಳಿರುತ್ತವೆ. ಒಂದು ಸಲದ ಮದ್ದು ಸಾವಿರಕ್ಕೆ 999 ಕೋಶಗಳನ್ನು ಕೊಲ್ಲುವುದಾದರೆ ಉಳಿಯುವುವು 10 ಲಕ್ಷ. ಎರಡನೆಯ ಸಲಕ್ಕೆ ಒಂದು ಸಾವಿರ. ಮೂರನೆಯ ಸಲಕ್ಕೆ ಒಂದೇ ಒಂದು. ಈ ಲೆಕ್ಕದಿಂದ ಇನ್ನೊಂದು ಆಲೋಚನೆ ಹೊರಡುತ್ತದೆ. ಒಂದೇ ಸಲಕ್ಕೆ ಕೊಡುವ ಪ್ರಮಾಣವನ್ನು ಹಲವು ಮಡಿ ಹೆಚ್ಚಿಸಿದರೆ ಕೊನೆಯ ಕೋಶವೂ ನಾಶವಾಗಬೇಕಲ್ಲವೆ? ಔಷಧದ ಪ್ರಮಾಣವೇ ಚಿಕಿತ್ಸೆಯಲ್ಲಿ ನಿರ್ಣಾಯಕವಾದ ಅಂಶವೆಂದು ಬಾಸ್ಟನ್ ನಗರದ ಎಮಿಲ್ ಫ್ರೈ ಮೊದಲಾದ ಹೆಸರಾಂತ ವೈದ್ಯರು 1980ರ ವೇಳೆಗೆ ವಾದಿಸುತ್ತಿದ್ದರು.

ಆದರೆ ಈ ದಾರಿಗೆ ಒಂದು ಗೋಡೆ ಅಡ್ಡವಾಗಿದ್ದಿತು. ಮೂಳೆಗಳ ಒಳಗಿನ ಮಜ್ಜೆಯೇ ರಕ್ತಕಣಗಳ ಹುಟ್ಟುಮನೆ. ಅಲ್ಲಿಯ ಕೋಶಗಳೂ ಬೇಗಬೇಗ ವಿಭಾಗವಾಗುವುದರಿಂದ ಕ್ಯಾನ್ಸರಿನ ಮದ್ದು ಅವನ್ನೂ ಕೊಲ್ಲುತ್ತದೆ. ಮಜ್ಜೆ ನಾಶವಾದರೆ ರೋಗಿಯು ಸೋಂಕಿನಿಂದಲೋ ರಕ್ತಸ್ರಾವದಿಂದಲೋ ಸಾಯುತ್ತಾನೆ. ಈ ಗೋಡೆಯನ್ನು ದಾಟಲು ವೈದ್ಯರು ಒಂದು ಜಾಣ ಉಪಾಯವನ್ನು ಹೂಡಿದರು. ಮದ್ದು ಕೊಡುವ ಮುನ್ನ ರೋಗಿಯ ಮಜ್ಜೆಯನ್ನು ಸ್ವಲ್ಪ ಹೊರತೆಗೆದು ಅತಿಶೀತದಲ್ಲಿ ಕಾಪಾಡುವುದು. ಬಳಿಕ ಸಾಮಾನ್ಯವಾಗಿ ಮಾರಕವಾಗಬಲ್ಲಷ್ಟು ಔಷಧವನ್ನು ಕೊಡುವುದು. ಕೊನೆಗೆ ಆ ಮಜ್ಜೆಯನ್ನು ರಕ್ತನಾಳದ ಮೂಲಕ ರೋಗಿಗೆ ಮರಳಿ ಸೇರಿಸುವುದು. ಮಜ್ಜೆ ಮತ್ತೆ ಚಿಗುರುವವರೆಗೆ ಕೆಲವು ವಾರಗಳ ಕಾಲ ರೋಗಿಯ ಪ್ರಾಣ ತೂಗುಯ್ಯಾಲೆಯಲ್ಲಿರುತ್ತಿತ್ತು. ಆರಂಭದ ವರ್ಷಗಳಲ್ಲಿ ಈ ಚಿಕಿತ್ಸೆಯಿಂದಲೇ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿ ಸಾಯುತ್ತಿದ್ದರು. ವೆಚ್ಚವೂ ಒಬ್ಬ ರೋಗಿಗೆ ಲಕ್ಷ ಡಾಲರುಗಳ ಆಸುಪಾಸಿನಲ್ಲಿತ್ತು.

ಆಸೆ ಹುಟ್ಟಿಸಿದ ಅಂಕೆಗಳು

ಇಷ್ಟು ಕಠಿಣವಾದ ಚಿಕಿತ್ಸೆಯನ್ನು ಸ್ತನದ ಕ್ಯಾನ್ಸರಿಗೆ ಪ್ರಯೋಗಿಸಿದಾಗ ಬಂದ ಮೊದಲ ವರದಿಗಳು ಆಶಾದಾಯಕವಾಗಿದ್ದುವು. ಡ್ಯೂಕ್ ವಿಶ್ವವಿದ್ಯಾನಿಲಯದ ವಿಲಿಯಂ ಪೀಟರ್ಸ್ ಮತ್ತು ಸಂಗಡಿಗರು ಕಂಕುಳಿನ ಹತ್ತು ಅಥವಾ ಹೆಚ್ಚು ದುಗ್ಧರಸ ಗ್ರಂಥಿಗಳಿಗೆ ರೋಗ ಹರಡಿದ್ದ 85 ಮಂದಿ ಸ್ತ್ರೀಯರ ಚಿಕಿತ್ಸೆಯ ಫಲವನ್ನು 1993ರಲ್ಲಿ ಪ್ರಕಟಿಸಿದರು. ಎರಡೂವರೆ ವರ್ಷಗಳ ಬಳಿಕ ರೋಗ ಮರುಕಳಿಸದೆ ಉಳಿದವರು ಲೆಕ್ಕದ ಪ್ರಕಾರ ಶೇಕಡಾ 72. ಹಿಂದೆ ಸಾಮಾನ್ಯ ಪ್ರಮಾಣದ ಔಷಧ ಪಡೆದಿದ್ದ ಇಂತಹುದೇ ರೋಗಿಗಳಲ್ಲಿ ಈ ಅಂಕೆ ಶೇಕಡಾ 38ರಿಂದ 52ರವರೆಗೆ ಮಾತ್ರ ಇದ್ದಿತು. ಇಷ್ಟು ದೊಡ್ಡ ಅಂತರವನ್ನು ನೋಡಿದವರಿಗೆ ಸಂದೇಹವೇ ಬರಲಿಲ್ಲ.

ಆದರೆ ವಾಚಕರು ಎರಡು ಶಾಲೆಗಳ ಮಾತನ್ನು ಇಲ್ಲಿ ನೆನೆಯಬೇಕು. ಈ ಚಿಕಿತ್ಸೆಯನ್ನು ತಾಳಿಕೊಳ್ಳಬಲ್ಲವರು ಯಾರು? ವಯಸ್ಸು ಹೆಚ್ಚಾಗಿರದವರು, ಹೃದಯ, ಮೂತ್ರಪಿಂಡ, ಯಕೃತ್ತುಗಳು ಚೆನ್ನಾಗಿರುವವರು, ಮೊದಲ ಸುತ್ತಿನ ಔಷಧಕ್ಕೆ ಗಂಟು ಕರಗಿದವರು. ಅಷ್ಟೇ ಅಲ್ಲ, ಚಿಕಿತ್ಸೆಗೆ ಮುಂಚೆ ಇವರನ್ನು ಸ್ಕ್ಯಾನ್ ಮೊದಲಾದ ಸೂಕ್ಷ್ಮ ತಪಾಸಣೆಗಳಿಗೆ ಗುರಿಪಡಿಸುತ್ತಿದ್ದರು, ರೋಗವು ದೂರದ ಅಂಗಗಳಿಗೆ ಗುಟ್ಟಾಗಿ ಹರಡಿದ್ದರೆ ಅಂಥವರನ್ನು ಕೈಬಿಡುತ್ತಿದ್ದರು. ಹಿಂದಿನ ಕಾಲದ ರೋಗಿಗಳಿಗೆ ಈ ಬಗೆಯ ಜರಡಿ ಇರಲಿಲ್ಲ. ಹೀಗೆ ಜರಡಿಯಾಡಿ ಆರಿಸಿದವರನ್ನು, ಆರಿಸದವರೊಡನೆ ಹೋಲಿಸಿದಂತಾಯಿತು.

ಜರಡಿಯೊಂದರಿಂದಲೇ ಎಷ್ಟು ವ್ಯತ್ಯಾಸ ಬರಬಹುದೆಂಬುದನ್ನು ಹ್ಯೂಸ್ಟನ್ನಿನ ಎಂ. ಡಿ. ಆಂಡರ್‌ಸನ್ ಕ್ಯಾನ್ಸರ್ ಕೇಂದ್ರದ ವೈದ್ಯರು 1997ರಲ್ಲಿ ಸೊಗಸಾಗಿ ತೋರಿಸಿಕೊಟ್ಟರು. ಅವರು ಹಳೆಯ ಕಡತಗಳನ್ನು ತೆರೆದು, ದೂರದ ಅಂಗಗಳಿಗೆ ರೋಗ ಹರಡಿ ಸಾಮಾನ್ಯ ಪ್ರಮಾಣದ ಔಷಧವನ್ನಷ್ಟೇ ಪಡೆದಿದ್ದ 1,581 ಮಂದಿ ರೋಗಿಗಳನ್ನು ಎರಡು ಗುಂಪಾಗಿ ವಿಂಗಡಿಸಿದರು. ಭಾರಿ ಪ್ರಮಾಣದ ಚಿಕಿತ್ಸೆಗೆ ಅರ್ಹರಾಗಬಹುದಾಗಿದ್ದವರು ಒಂದು ಗುಂಪು, ಅರ್ಹರಲ್ಲದವರು ಇನ್ನೊಂದು. ಮೊದಲನೆಯ ಗುಂಪಿನವರ ಮಧ್ಯಕ ಬದುಕು, ಅಂದರೆ ಗುಂಪಿನ ಅರ್ಧದಷ್ಟು ಮಂದಿ ಬದುಕಿದ್ದ ಅವಧಿ, 30 ತಿಂಗಳು. ಎರಡನೆಯ ಗುಂಪಿನವರದು 17 ತಿಂಗಳು. ಐದು ವರ್ಷ ಬದುಕಿದವರು ಕ್ರಮವಾಗಿ ಶೇಕಡಾ 21 ಮತ್ತು 6. ಇವರಲ್ಲಿ ಒಬ್ಬರಿಗೂ ಹೊಸ ಚಿಕಿತ್ಸೆ ದೊರೆತಿರಲಿಲ್ಲವೆಂಬುದನ್ನು ಮರೆಯಬಾರದು. ಕೇವಲ ಆಯ್ಕೆಯಿಂದಲೇ ಇಷ್ಟು ‘ಫಲ’ ದೊರಕಿತು!

ಸಾಕ್ಷ್ಯಕ್ಕಿಂತ ಮುಂದೆ ಓಡಿದ ಧೋರಣೆ

ಈ ಎಚ್ಚರಿಕೆ ಬರುವ ವೇಳೆಗೆ ಸಂಗತಿಗಳು ಬಹಳ ಮುಂದೆ ಸಾಗಿದ್ದುವು. ವಿಮಾ ಕಂಪನಿಗಳು ಈ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ ಎಂದು ಹೇಳಿ ಹಣ ಕೊಡಲು ನಿರಾಕರಿಸಿದುವು. ಹಣ ಉಳಿಸುವ ಸಲುವಾಗಿಯೇ ಕಂಪನಿಗಳು ಹೀಗೆ ಹೇಳುತ್ತಿವೆ ಎಂಬ ಶಂಕೆ ಜನರಿಗೆ ಬಂದುದು ಆಶ್ಚರ್ಯವಲ್ಲ. ಎಳೆಯ ಮಕ್ಕಳಿರುವ ತಾಯಿಗೆ, ‘ನಿನ್ನನ್ನು ಉಳಿಸಬಹುದಾದ ಚಿಕಿತ್ಸೆಯೊಂದುಂಟು, ಆದರೆ ಹಣ ಕೊಡಲಾರೆವು’ ಎಂದರೆ ಯಾರ ಮನಸ್ಸು ತಾನೇ ಕುದಿಯದು? 1993ರ ಡಿಸೆಂಬರ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಜ್ಯೂರಿಯೊಂದು ಇಂತಹ ಒಂದು ಮೊಕದ್ದಮೆಯಲ್ಲಿ ವಿಮಾ ಕಂಪನಿಯು ಸುಮಾರು 8 ಕೋಟಿ 90 ಲಕ್ಷ ಡಾಲರುಗಳನ್ನು ತೆರಬೇಕೆಂದು ತೀರ್ಪಿತ್ತಿತು. ಊರವರಿಂದ ಹಣ ಕೂಡಿಸಿ ಚಿಕಿತ್ಸೆ ಪಡೆದಿದ್ದ ಆ ಸ್ತ್ರೀಯು ತೀರ್ಪು ಬರುವ ಮುನ್ನವೇ ತೀರಿಕೊಂಡಿದ್ದಳು. ಆಮೇಲೆ ಎರಡು ಪಕ್ಷದವರೂ ರಾಜಿ ಮಾಡಿಕೊಂಡರಾದರೂ ಆ ತೀರ್ಪಿನ ಸದ್ದು ದೇಶದಲ್ಲೆಲ್ಲ ಮೊಳಗಿತು.

ಮರುವರ್ಷ, 1994ರಲ್ಲಿ, ಕೇಂದ್ರ ಸರ್ಕಾರದ ನೌಕರರಿಗಾಗಿ ಇದ್ದ ವಿಮಾ ಯೋಜನೆಗಳೆಲ್ಲವೂ ಸ್ತನ ಕ್ಯಾನ್ಸರಿಗೆ ಈ ಚಿಕಿತ್ಸೆಯ ವೆಚ್ಚವನ್ನು ಕೊಡಲೇಬೇಕೆಂದು ಆಜ್ಞೆಯಾಯಿತು. ಮೆಸಾಚುಸೆಟ್ಸ್, ಮಿನ್ನೆಸೋಟ ಮೊದಲಾದ ಸಂಸ್ಥಾನಗಳು ಇದೇ ಅರ್ಥದ ಕಾನೂನುಗಳನ್ನು ಮಾಡಿದುವು. ಚಿಕಿತ್ಸೆಯಿಂದ ಗುಣವುಂಟೆ ಎಂಬ ವೈಜ್ಞಾನಿಕ ಪ್ರಶ್ನೆಯು ಚಿಕಿತ್ಸೆ ಪಡೆಯುವ ಹಕ್ಕುಂಟೆ ಎಂಬ ನ್ಯಾಯದ ಪ್ರಶ್ನೆಯಾಗಿ ಮಾರ್ಪಟ್ಟಿತು. ಎರಡನೆಯ ಪ್ರಶ್ನೆಗೆ ಕಾನೂನು ಉತ್ತರ ಕೊಡಬಲ್ಲದು. ಮೊದಲನೆಯದಕ್ಕೆ ಯಾವ ಕಾನೂನೂ ಉತ್ತರ ಕೊಡಲಾರದು.

ಚೀಟಿಯ ಅರ್ಥವೇನು?

ಹಾಗಾದರೆ ಆ ಉತ್ತರವನ್ನು ಪಡೆಯುವ ಬಗೆ ಯಾವುದು? ಪ್ರಯೋಗಶಾಲೆಯಲ್ಲಿ ಒಂದು ಅಂಶದ ಪರಿಣಾಮವನ್ನು ಅರಿಯಬೇಕಾದರೆ ಉಳಿದ ಅಂಶಗಳನ್ನೆಲ್ಲ ಒಂದೇ ಸಮನಾಗಿ ಇಡುತ್ತೇವೆ. ಅನಿಲದ ಮೇಲಿನ ಒತ್ತಡವನ್ನು ಬದಲಿಸಿ ಗಾತ್ರವನ್ನು ಅಳೆಯುವಾಗ ಉಷ್ಣತೆಯನ್ನು ಬದಲಾಗದಂತೆ ನೋಡಿಕೊಳ್ಳುವುದು ಇದಕ್ಕಾಗಿಯೇ. ಆದರೆ ಮನುಷ್ಯರಲ್ಲಿ ವಯಸ್ಸು, ಬಲ, ರೋಗದ ಹಟ, ಮನೆಯವರ ಆರೈಕೆ ಹೀಗೆ ಲೆಕ್ಕವಿಲ್ಲದಷ್ಟು ಅಂಶಗಳುಂಟು. ಅವುಗಳಲ್ಲಿ ಎಷ್ಟೋ ನಮಗೆ ತಿಳಿದೇ ಇಲ್ಲ. ತಿಳಿಯದ ಅಂಶವನ್ನು ಸಮನಾಗಿಡುವುದು ಹೇಗೆ?

ಇದಕ್ಕೆ ಒಂದೇ ಉಪಾಯ: ರೋಗಿಯು ಯಾವ ಗುಂಪಿಗೆ ಸೇರಬೇಕೆಂಬುದನ್ನು ವೈದ್ಯನೂ ರೋಗಿಯೂ ಆರಿಸದೆ ಚೀಟಿ ಎತ್ತಿ ತೀರ್ಮಾನಿಸುವುದು. ಚೀಟಿಗೆ ಪಕ್ಷಪಾತವಿಲ್ಲ. ಅದು ಬಲಿಷ್ಠರನ್ನೂ ದುರ್ಬಲರನ್ನೂ ಎರಡು ಗುಂಪುಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚುತ್ತದೆ. ನಮಗೆ ತಿಳಿಯದ ಅಂಶಗಳೂ ಹಾಗೆಯೇ ಹಂಚಿಹೋಗುತ್ತವೆ. ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಈ ಕ್ರಮವನ್ನು ಕ್ಷಯರೋಗದ ಸ್ಟ್ರೆಪ್ಟೊಮೈಸಿನ್ ಔಷಧದ ಪರೀಕ್ಷೆಯಲ್ಲಿ ಅಳವಡಿಸಿದನು. ಆ ಪರೀಕ್ಷೆಯ ಫಲ 1948ರಲ್ಲಿ ಪ್ರಕಟವಾಯಿತು. ಯಾವ ರೋಗಿಗೆ ಔಷಧ, ಯಾರಿಗೆ ಇಲ್ಲ ಎಂಬುದು ಮುಚ್ಚಿದ ಲಕೋಟೆಗಳಲ್ಲಿ ಮೊದಲೇ ನಿಶ್ಚಯವಾಗಿದ್ದಿತು.

ಸಾವುಬದುಕಿನ ವಿಷಯವನ್ನು ಚೀಟಿಗೆ ಬಿಡುವುದು ಕ್ರೂರವಲ್ಲವೆ ಎಂದು ಕೆಲವರು ಕೇಳಬಹುದು. ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲೆಂದು ನಿಜವಾಗಿ ತಿಳಿದಿದ್ದರೆ ಅದು ಕ್ರೂರವೇ ಸರಿ. ಆದರೆ ಅದು ತಿಳಿಯದಿರುವಾಗ ವೈದ್ಯನು ತನ್ನ ಊಹೆಯ ಮೇಲೆ ಚಿಕಿತ್ಸೆ ಕೊಡುವುದೂ ಒಂದು ಬಗೆಯ ಚೀಟಿಯೇ. ಒಂದೇ ವ್ಯತ್ಯಾಸವೆಂದರೆ, ಆ ಚೀಟಿಯಿಂದ ಮುಂದಿನ ರೋಗಿಗೆ ಏನನ್ನೂ ಕಲಿತಂತಾಗುವುದಿಲ್ಲ.

ಒಂಬತ್ತು ವರ್ಷ ಕಾದ ಉತ್ತರ

ಅಮೆರಿಕಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಬೆಂಬಲದಿಂದ ಇಂತಹ ಪರೀಕ್ಷೆಗಳು 1990ರ ಸುಮಾರಿಗೆ ಆರಂಭವಾದುವು. ಆದರೆ ಅವುಗಳಿಗೆ ರೋಗಿಗಳೇ ದೊರೆಯಲಿಲ್ಲ. ಪರೀಕ್ಷೆಗೆ ಸೇರಿದರೆ ಹೊಸ ಚಿಕಿತ್ಸೆ ಸಿಕ್ಕುವ ಸಂಭವ ಅರ್ಧಕ್ಕರ್ಧ. ಪಕ್ಕದ ಆಸ್ಪತ್ರೆಗೆ ಹೋದರೆ ಅದು ಖಂಡಿತವಾಗಿ ಸಿಕ್ಕುತ್ತಿತ್ತು. ಕಾನೂನಿನ ಬಲದಿಂದ ವಿಮೆಯ ಹಣವೂ ಬರುತ್ತಿತ್ತು. ಹೀಗಿರುವಾಗ ಚೀಟಿ ಎತ್ತಲು ಯಾರು ಒಪ್ಪಿಯಾರು? ರೋಗಿಗಳಿಗೆ ಅನುಕೂಲವಾಗಲೆಂದು ಮಾಡಿದ ಕಾನೂನು ರೋಗಿಗಳಿಗೆ ಬೇಕಾದ ಉತ್ತರವನ್ನೇ ಹಿಂದಕ್ಕೆ ತಳ್ಳಿತು. ಒಟ್ಟು ಇಪ್ಪತ್ತು ಸಾವಿರದಿಂದ ನಲವತ್ತು ಸಾವಿರ ಮಂದಿ ಸ್ತ್ರೀಯರು ಆ ದೇಶದಲ್ಲಿ ಈ ಚಿಕಿತ್ಸೆಯನ್ನು ಪಡೆದರೆಂದು ಅಂದಾಜು. ಚೀಟಿಯ ಪರೀಕ್ಷೆಗಳಿಗೆ ಸೇರಿದವರು ಸುಮಾರು ಒಂದು ಸಾವಿರ ಮಂದಿ ಮಾತ್ರ.

ಕೊನೆಗೆ 1999ರ ಮೇ ತಿಂಗಳಿನಲ್ಲಿ ಅಟ್ಲಾಂಟಾ ನಗರದಲ್ಲಿ ಸೇರಿದ ಕ್ಯಾನ್ಸರ್ ವೈದ್ಯರ ಮಹಾಸಭೆಯಲ್ಲಿ ಐದು ಪರೀಕ್ಷೆಗಳ ಫಲಗಳು ಮಂಡಿತವಾದುವು. ನಾಲ್ಕರಲ್ಲಿ ಹೊಸ ಚಿಕಿತ್ಸೆಯಿಂದ ಆಯುಸ್ಸು ಹೆಚ್ಚಿದುದಕ್ಕೆ ಖಚಿತವಾದ ಸಾಕ್ಷ್ಯ ಕಾಣಲಿಲ್ಲ. ಅವುಗಳಲ್ಲಿ ಒಂದು, ಫಿಲಡೆಲ್ಫಿಯಾದ ವೈದ್ಯರು ಮುಂದೆ ನಿಂತು ನಡೆಸಿದುದು. 2000ದ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಅದರಲ್ಲಿ ಚೀಟಿ ಎತ್ತಿದವರು 199 ಮಂದಿ. ಮೂರು ವರ್ಷಗಳ ಬಳಿಕ ಬದುಕಿದ್ದವರು ಭಾರಿ ಪ್ರಮಾಣದ ಗುಂಪಿನಲ್ಲಿ ಶೇಕಡಾ 32, ಸಾಮಾನ್ಯ ಪ್ರಮಾಣದ ಗುಂಪಿನಲ್ಲಿ ಶೇಕಡಾ 38. ಇಷ್ಟು ಸಣ್ಣ ಗುಂಪುಗಳಲ್ಲಿ ಆರರ ಅಂತರವು ಆಕಸ್ಮಿಕವಾಗಿಯೂ ಬರಬಹುದು. ನಾಣ್ಯವನ್ನು ನೂರು ಸಲ ಚಿಮ್ಮಿದಾಗ ಸರಿಯಾಗಿ ಐವತ್ತು ಸಲವೇ ರಾಜನ ತಲೆ ಬೀಳುವುದಿಲ್ಲವಷ್ಟೆ. ಆದ್ದರಿಂದ ಹೊಸ ಚಿಕಿತ್ಸೆ ಕೆಟ್ಟದ್ದೆಂದು ಇದರಿಂದ ಹೇಳಲಾಗದು. ಮೇಲೆಂದು ಹೇಳಲಂತೂ ಆಧಾರವೇ ಇಲ್ಲ.

ಪೀಟರ್ಸ್‌ ಅವರ ತಂಡವೇ ತಮ್ಮ ಮೊದಲಿನ 85 ಮಂದಿಯ ಫಲವನ್ನು ಒರೆಗೆ ಹಚ್ಚಲು 785 ಮಂದಿಯ ಪರೀಕ್ಷೆಯನ್ನು ನಡೆಸಿತು. ಅದರ ಪೂರ್ಣ ವರದಿ 2005ರಲ್ಲಿ ಬಂದಿತು. ಐದು ವರ್ಷಗಳ ಬಳಿಕ ಬದುಕಿದ್ದವರು ಎರಡು ಗುಂಪುಗಳಲ್ಲಿಯೂ ಶೇಕಡಾ 71. ಭಾರಿ ಪ್ರಮಾಣದ ಗುಂಪಿನಲ್ಲಿ 33 ಮಂದಿ ಚಿಕಿತ್ಸೆಯ ಕಾರಣದಿಂದಲೇ ಸತ್ತಿದ್ದರು. ಇನ್ನೊಂದು ಗುಂಪಿನಲ್ಲಿ ಹಾಗೆ ಸತ್ತವರು ಒಬ್ಬರೂ ಇರಲಿಲ್ಲ. ತನ್ನ ನಂಬಿಕೆಯನ್ನು ತಾನೇ ಪರೀಕ್ಷೆಗೊಡ್ಡಿ, ಪ್ರತಿಕೂಲವಾದ ಉತ್ತರವನ್ನು ಪ್ರಕಟಿಸುವುದು ವಿಜ್ಞಾನಿಗೆ ಭೂಷಣ.

ಐದನೆಯ ಪರೀಕ್ಷೆಯ ಕಥೆ ಬೇರೆ. ದಕ್ಷಿಣ ಆಫ್ರಿಕಾದ ವರ್ನರ್ ಬೆಜ್ವೋಡಾ ಎಂಬ ವೈದ್ಯನು ಹೊಸ ಚಿಕಿತ್ಸೆಯಿಂದ ಬಹಳ ಪ್ರಯೋಜನವಾಯಿತೆಂದು ವರದಿ ಮಾಡಿದನು. 1995ರಲ್ಲಿಯೂ ಅವನು ಇಂತಹುದೇ ಒಂದು ಫಲವನ್ನು ಪ್ರಕಟಿಸಿದ್ದನು. ಅದನ್ನು ತಾವೂ ಮಾಡಿ ನೋಡಬೇಕೆಂದು ಅಮೆರಿಕಾದ ವೈದ್ಯರ ತಂಡವೊಂದು 2000ದ ಜನವರಿಯಲ್ಲಿ ಜೊಹಾನ್ಸ್‌ಬರ್ಗಿಗೆ ಹೋಗಿ ದಾಖಲೆಗಳನ್ನು ತಪಾಸಣೆ ಮಾಡಿತು. ದಾಖಲೆಗಳಿಗೂ ವರದಿಗೂ ತಾಳೆಯಾಗಲಿಲ್ಲ. ಹೋಲಿಕೆಯ ಗುಂಪಿಗೆ ತಾನು ಹೇಳಿದುದಕ್ಕಿಂತ ಬೇರೆಯ ಚಿಕಿತ್ಸೆಯನ್ನು ಕೊಟ್ಟಿದ್ದುದಾಗಿ ಬೆಜ್ವೋಡಾ ಒಪ್ಪಿಕೊಂಡನು. ವಿಶ್ವವಿದ್ಯಾನಿಲಯವು ಅವನನ್ನು ಕೆಲಸದಿಂದ ತೆಗೆದುಹಾಕಿತು. 1995ರ ಪ್ರಬಂಧವನ್ನು 2001ರಲ್ಲಿ ಪತ್ರಿಕೆಯು ರದ್ದುಪಡಿಸಿತು. ಸ್ತನ ಕ್ಯಾನ್ಸರಿನಲ್ಲಿ ಈ ಚಿಕಿತ್ಸೆಯ ಬಳಕೆ ಬೇಗನೆ ಕುಸಿಯಿತು. ದೂರದ ಅಂಗಗಳಿಗೆ ರೋಗ ಇನ್ನೂ ಹರಡದ 6,210 ಮಂದಿ ಸ್ತ್ರೀಯರು ಭಾಗವಹಿಸಿದ್ದ 15 ಪರೀಕ್ಷೆಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2011ರಲ್ಲಿ ಬಂದಿತು. ರೋಗ ಮರುಕಳಿಸುವುದು ತುಸು ತಡವಾದರೂ ಆಯುಸ್ಸಿನಲ್ಲಿ ಗಣನೀಯವಾದ ಲಾಭವಿಲ್ಲವೆಂದೇ ಅದೂ ಹೇಳಿತು.

ಇಲಿಗಳಲ್ಲಿ ಕಂಡ ನಿಯಮ ಸುಳ್ಳಾಗಿತ್ತೆ? ಇಲ್ಲ. ಎಲ್ಲ ಕೋಶಗಳೂ ಮದ್ದಿಗೆ ಒಂದೇ ಬಗೆಯಾಗಿ ಬಗ್ಗುವಾಗ ಆ ಲೆಕ್ಕ ಸರಿಯೇ. ಆದರೆ ಮನುಷ್ಯರ ಗಂಟುಗಳಲ್ಲಿ ನಾನಾ ಬಗೆಯ ಕೋಶಗಳು ಕಲೆತಿರುತ್ತವೆ. ಕೆಲವು ಮದ್ದಿಗೆ ಜಗ್ಗುವುದಿಲ್ಲ. ಲೆಕ್ಕ ಎಷ್ಟೇ ಸೊಗಸಾಗಿರಲಿ, ಅದು ಪರೀಕ್ಷೆಯ ಸ್ಥಾನದಲ್ಲಿ ನಿಲ್ಲಲಾರದು.

ಅದೇ ಚೀಟಿ, ಬೇರೆ ಉತ್ತರ

ಚೀಟಿಯ ಪರೀಕ್ಷೆ ಎಂದರೆ ಹೊಸದನ್ನು ಅಲ್ಲಗಳೆಯುವ ಸಾಧನವೆಂದು ಯಾರೂ ಭಾವಿಸಬಾರದು. ಇದೇ ಭಾರಿ ಪ್ರಮಾಣದ ಚಿಕಿತ್ಸೆಯನ್ನು ದುಗ್ಧರಸ ಗ್ರಂಥಿಗಳಲ್ಲಿಯೇ ಹುಟ್ಟುವ ಲಿಂಫೋಮ ಎಂಬ ಕ್ಯಾನ್ಸರಿನ ಒಂದು ಬಗೆಯಲ್ಲಿ, ರೋಗ ಮರುಕಳಿಸಿದವರ ಮೇಲೆ ಪರೀಕ್ಷಿಸಿದರು. 1995ರಲ್ಲಿ ಪ್ರಕಟವಾದ ಫಲದಂತೆ ಐದು ವರ್ಷ ಬದುಕಿದವರು ಮಜ್ಜೆಯ ಚಿಕಿತ್ಸೆಯ ಗುಂಪಿನಲ್ಲಿ ಶೇಕಡಾ 53, ಸಾಮಾನ್ಯ ಚಿಕಿತ್ಸೆಯಲ್ಲಿ ಶೇಕಡಾ 32. ಆ ಪರೀಕ್ಷೆಯಲ್ಲಿ ಚೀಟಿ ಎತ್ತಿದವರು ಕೇವಲ 109 ಮಂದಿ. ಒಂದು ರೋಗದಲ್ಲಿ ಇಲ್ಲವೆಂದ ಚೀಟಿಯೇ ಇನ್ನೊಂದರಲ್ಲಿ ಉಂಟೆಂದಿತು.

ನಮ್ಮ ದೇಶದಲ್ಲಿಯೂ ಇದಕ್ಕೆ ಒಳ್ಳೆಯ ನಿದರ್ಶನವುಂಟು. ಹೊಗೆಸೊಪ್ಪು, ಅಡಿಕೆಗಳನ್ನು ಅಗಿಯುವ ಅಭ್ಯಾಸದಿಂದಾಗಿ ಬಾಯಿಯ ಕ್ಯಾನ್ಸರು ಭಾರತದಲ್ಲಿ ಹೆಚ್ಚು. ಆರಂಭದ ಹಂತದಲ್ಲಿ ಬಾಯಿಯ ಗಂಟನ್ನು ಕತ್ತರಿಸಿ ತೆಗೆಯುವಾಗ, ಕತ್ತಿನ ಗ್ರಂಥಿಗಳಲ್ಲಿ ರೋಗ ಕಾಣದಿದ್ದರೂ ಅವನ್ನೂ ತೆಗೆದುಬಿಡಬೇಕೆ, ಅಥವಾ ರೋಗ ಕಾಣಿಸಿಕೊಂಡಾಗ ತೆಗೆದರೆ ಸಾಕೆ ಎಂಬ ವಿವಾದ ಶಸ್ತ್ರವೈದ್ಯರಲ್ಲಿ ದಶಕಗಳಿಂದ ನಡೆದಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2004ರಿಂದ 2014ರವರೆಗೆ ಚೀಟಿಯ ಪರೀಕ್ಷೆಯನ್ನು ನಡೆಸಿದರು. ಮೊದಲ 500 ರೋಗಿಗಳ ಫಲವನ್ನು ನೋಡಿದಾಗ, ಮೂರು ವರ್ಷ ಬದುಕಿದವರು ಮೊದಲೇ ಗ್ರಂಥಿಗಳನ್ನು ತೆಗೆದವರಲ್ಲಿ ಶೇಕಡಾ 80, ಕಾದು ನೋಡಿದವರಲ್ಲಿ ಶೇಕಡಾ 67.5. ಉತ್ತರ ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿದರು. ಹಳೆಯ ವಿವಾದವೊಂದು ಹೊಸ ಯಂತ್ರವಾಗಲಿ ಹೊಸ ಮದ್ದಾಗಲಿ ಇಲ್ಲದೆ, ಬರಿಯ ಪ್ರಾಮಾಣಿಕವಾದ ಹೋಲಿಕೆಯಿಂದಲೇ ಬಗೆಹರಿಯಿತು.

ನಾವು ಕಲಿಯಬೇಕಾದುದು

ಹಾಗಾದರೆ ಪೂರ್ಣ ಸಾಕ್ಷ್ಯ ಬರುವವರೆಗೆ ರೋಗಿಗೆ ‘ಇಲ್ಲ’ ಎನ್ನುತ್ತಾ ಕುಳಿತಿರಬೇಕೆ? ಹಾಗೇನೂ ಇಲ್ಲ. ಅಮೆರಿಕಾದಲ್ಲಿಯೇ ವಿಮಾ ಸಂಸ್ಥೆಗಳ ಒಂದು ಒಕ್ಕೂಟವು 1990ರ ದಶಕದ ಆರಂಭದಲ್ಲಿ ನಡುವಣ ದಾರಿಯೊಂದನ್ನು ತೋರಿಸಿದ್ದಿತು: ಚೀಟಿಯ ಪರೀಕ್ಷೆಗೆ ಸೇರಿದ ರೋಗಿಗಳ ವೆಚ್ಚವನ್ನು ತಾನು ಕೊಡುವುದಾಗಿ ಅದು ಒಪ್ಪಿಕೊಂಡಿತು. ಸಂದೇಹವಿರುವ ಚಿಕಿತ್ಸೆಗೆ ಸಾರ್ವಜನಿಕರ ಹಣವನ್ನು ಕೊಡಬಹುದು. ಆದರೆ ಆ ಹಣದಿಂದ ಸಂದೇಹವೂ ತೀರುವಂತೆ ಇರಬೇಕು. ಎಲ್ಲರೂ ಈ ದಾರಿಯನ್ನೇ ಹಿಡಿದಿದ್ದರೆ ಉತ್ತರ ಎಷ್ಟೋ ವರ್ಷ ಮೊದಲೇ ಬರುತ್ತಿತ್ತು. ಸಾವಿರಾರು ಮಂದಿ ವ್ಯರ್ಥವಾದ ಯಾತನೆಯಿಂದ ಪಾರಾಗುತ್ತಿದ್ದರು.

ನಮ್ಮಲ್ಲಿಯೂ 2018ರಿಂದ ಆಯುಷ್ಮಾನ್ ಭಾರತ್ ಯೋಜನೆಯ ಮೂಲಕ ಬಡವರ ಕ್ಯಾನ್ಸರ್ ಚಿಕಿತ್ಸೆಗೆ ಸರ್ಕಾರದ ಹಣ ಸಲ್ಲುತ್ತಿದೆ. ಯಾವ ಚಿಕಿತ್ಸೆಗೆ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬ ಪ್ರಶ್ನೆ ಇನ್ನು ಮುಂದೆ ನಮ್ಮ ಮುಂದೆಯೂ ಮತ್ತೆ ಮತ್ತೆ ಬರುವುದು. ಆಗ ಪತ್ರಿಕೆಗಳಲ್ಲಿ ‘ಈ ಚಿಕಿತ್ಸೆ ಪಡೆದವರಲ್ಲಿ ಇಷ್ಟು ಮಂದಿ ಬದುಕಿದರು’ ಎಂಬ ಅಂಕೆಗಳನ್ನು ಓದುವ ವಿದ್ಯಾರ್ಥಿಗಳು ಎರಡು ಮಾತನ್ನು ಕೇಳಿಕೊಳ್ಳಲಿ. ಯಾರೊಡನೆ ಹೋಲಿಸಿದರು? ಆ ಎರಡು ಗುಂಪುಗಳನ್ನು ಆರಿಸಿದವರು ಯಾರು? ಇವಕ್ಕೆ ಸರಿಯಾದ ಉತ್ತರ ದೊರೆಯುವವರೆಗೆ, ಎರಡು ಶಾಲೆಗಳಲ್ಲಿ ಯಾವುದು ಮೇಲೆಂದು ಹೇಳುವ ಆತುರ ಬೇಡ.